ಅವನ ದರಿದ್ರ ಲಂಡನ್

ಗೆದ್ದವರಿಗೂ ಸಿಟ್ಟು ಬರುತ್ತದಾ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸಿ. ಕ್ಲಬ್ಬಿನ ಚೆಸ್ ಫೈನಲ್ ಗೆದ್ದು, ಕಪ್ ಕೈಯಲ್ಲಿ ಹಿಡಿದು, ನಾನು ಹಲ್ಲು ಕಡಿಯುತ್ತ ನಿಂತಿದ್ದೆ. ಹಲ್ಲಿನ ಸೆಟ್ ಮಾಡುವ ಲ್ಯಾಬ್‌ನಲ್ಲಿ ಕೆಲಸ ನನ್ನದು. ಹಲ್ಲು ಕಡಿದರೆ ಏನಾಗುತ್ತದೆಂದು ಚೆನ್ನಾಗಿ ಗೊತ್ತು. ಆದರೂ ಕಡಿದೆ.

ಎದುರಿಗೆ, ಸೋತವನು ನಗುತ್ತಿದ್ದ.

ಅವನು ಕನ್ನಡಕದ ಅಂಗಡಿಯವನು. ಬಿಳಿ ಕಾಯಿ ಕೈಗೆ ಸಿಕ್ಕಿತೋ, ಮುಗಿಯಿತು, ಯಾವಾಗಲೂ ಒಂದೇ ಓಪನಿಂಗ್: ಲಂಡನ್ ಸಿಸ್ಟಮ್. ರಾಣಿಯ ಮುಂದಿನ ಪಾನ್, ಅಂದರೆ ಕಾಲಾಳು, ತಳ್ಳುತ್ತಾನೆ, ಬಿಷಪ್ ಹೊರಗೆ ತರುತ್ತಾನೆ, ಅದರ ಹಿಂದೆ ಪಾನುಗಳ ಗೋಡೆ ಕಟ್ಟುತ್ತಾನೆ. ನೀವು ದಾಳಿ ಮಾಡಿ, ಕುಣಿಯಿರಿ, ತಲೆ ಕೆಳಗಾಗಿ ನಿಲ್ಲಿ, ಅವನು ಕಟ್ಟುವುದು ಅದೇ ಗೋಡೆ. ಕ್ಲಬ್ಬಿನಲ್ಲಿ ಯಾರಿಗೂ ಅದನ್ನು ಕಂಡರೆ ಆಗುವುದಿಲ್ಲ. ನನಗಂತೂ ಮೈಯೆಲ್ಲಾ ಉರಿಯುತ್ತದೆ. ಅದರ ಎದುರು ಒಂದು ಸಲವೂ ಗೆದ್ದವಳಲ್ಲ ನಾನು.

ಹೋದ ವಾರ ಕ್ಲಬ್ಬಿನ ಮೆಟ್ಟಿಲ ಮೇಲೆ ಅವನು ಕೇಳಿದ್ದ, "ನನ್ನ ಮದುವೆ ಆಗ್ತೀರಾ?" ಪೀಠಿಕೆ ಇಲ್ಲ, ಏನಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದ. ಅವನ ಕಣ್ಣು ಅಷ್ಟು ದೊಡ್ಡದೆಂದು ಅವತ್ತೇ ನಾನು ನೋಡಿದ್ದು. ಹೂಂ ಅನ್ನಲು ಬಾಯಿ ತೆರೆದವಳಿಗೆ, ಆಗಷ್ಟೇ ಅವನ ಕೈಯಲ್ಲಿ ಸೋತು ಬಂದದ್ದು ನೆನಪಾಯಿತು. ಪಿತ್ತ ನೆತ್ತಿಗೇರಿತು.

"ನಿಮ್ಮ ಆ ದರಿದ್ರ ಲಂಡನ್ನನ್ನ ಸೋಲಿಸಿದ ದಿನ ಉತ್ತರ ಹೇಳ್ತೀನಿ!"

ಅದಕ್ಕೆ ಈ ಮಹಾನುಭಾವ ಮಾಡಿದ್ದೇನು? ಫೈನಲ್‌ನಲ್ಲಿ ಬಿಳಿ ಕಾಯಿ ಸಿಕ್ಕಿದ್ದರೂ ಲಂಡನ್ ಆಡಲೇ ಇಲ್ಲ. ಕಿಂಗ್ಸ್ ಗ್ಯಾಂಬಿಟ್ ಆಡಿದ. ಶುರುವಿನಲ್ಲೇ ಒಂದು ಪಾನ್ ಬಲಿ ಕೊಟ್ಟು, ತನ್ನ ರಾಜನ ಬಾಗಿಲನ್ನು ತಾನೇ ತೆರೆದಿಟ್ಟು ಆಡುವ ಆಟ ಅದು. ನನಗೆ ಅದು ನೀರು ಕುಡಿದಷ್ಟು ಸುಲಭ ಎಂದು ಅವನಿಗೆ ಗೊತ್ತು. ಸುತ್ತ ನಿಂತವರು "ಅಬ್ಬಾ, ಏನು ಧೈರ್ಯ!" ಅಂದರು. ಧೈರ್ಯವಂತೆ, ಮಣ್ಣು! ನನಗೆ ಭಿಕ್ಷೆ ಹಾಕುತ್ತಿದ್ದ. ಆ ಸಿಟ್ಟಿನಲ್ಲೇ ಅವನ ರಾಜನನ್ನು ಮೂಲೆಗೆ ಅಟ್ಟಿ ಮುಗಿಸಿದೆ.

ಕ್ಲಬ್ಬಿನ ಸೆಕ್ರೆಟರಿ ನನ್ನ ಅಕ್ಕನ ಗಂಡ. "ಫೋಟೋಗೆ ಸ್ವಲ್ಪ ನಗಮ್ಮ," ಎಂದರು.

"ನಗು ಬರ್ತಿಲ್ಲ ಭಾವ."

"ಊರಿಗೆಲ್ಲ ಹಲ್ಲು ಮಾಡ್ಕೊಡೋಳು, ನಿಂಗೆ ಹಲ್ಲು ಬಿಡೋಕೇನು ಕಷ್ಟ?"

ಅವನು ಮೆಲ್ಲಗೆ ಪಕ್ಕಕ್ಕೆ ಬಂದ. "ಈಗ ಉತ್ತರ ಹೇಳ್ತೀರಾ?"

"ನಾಳೆ ಅಂಗಡಿಗೇ ಬಂದು ಹೇಳ್ತೀನಿ," ಎಂದೆ. ಪಾಪದವನು, ಖುಷಿಯಾಗಿಬಿಟ್ಟ.

ಮರುದಿನ ಊಟದ ಬಿಡುವಿನಲ್ಲಿ ಹೋದೆ. ಒಂದು ಕೈಯಲ್ಲಿ ಕಪ್, ಕಂಕುಳಲ್ಲಿ ಚೆಸ್ ಬೋರ್ಡು. ಅವನು ಹೊಸ ಅಂಗಿ ಹಾಕಿ, ನೀಟಾಗಿ ತಲೆ ಬಾಚಿ, ಲೆನ್ಸ್ ಉಜ್ಜುವ ಮೆಷಿನ್ ಮುಂದೆ ಕೂತಿದ್ದ. ಒಬ್ಬ ಅಜ್ಜಿ ತನ್ನ ಕನ್ನಡಕಕ್ಕೆ ಕಾಯುತ್ತಿದ್ದರು. ಕಪ್ಪನ್ನು ಗಾಜಿನ ಕೌಂಟರ್ ಮೇಲೆ ಟಣ್ಣನೆ ಇಟ್ಟೆ.

"ತಗೋ, ನೀನೇ ಇಟ್ಕೋ. ಬೇಕಂತ ಸೋತಿದ್ದೀಯ."

"ನೀವು ಗೆಲ್ಲಲಿ ಅಂತ... ಗೆದ್ದ ದಿನ ಉತ್ತರ ಹೇಳ್ತೀನಿ ಅಂದಿದ್ರಲ್ಲ?"

"ಲಂಡನ್ ಗೆದ್ದ ದಿನ ಅಂದೆ ಕಣೋ! ಲಂಡನ್!"

"ಲಂಡನ್ನಿಗೆ ಹೊರಟಿದ್ದೀರೇನಮ್ಮ?" ಅಜ್ಜಿ ಕೇಳಿದರು.

"ಎಲ್ಲಿಗೂ ಇಲ್ಲ ಅಜ್ಜಿ. ಇವನ ತಲೆ ರಿಪೇರಿಗೆ ಬಂದಿದ್ದೀನಿ." ಮತ್ತೆ ಅವನ ಕಡೆ ತಿರುಗಿದೆ. "ಬೋರ್ಡಿನ ಮುಂದೆ ಸುಳ್ಳಾಟ ಆಡೋನು ಮನೇಲಿ ನಿಜ ಹೇಳ್ತಾನಾ? ನಾನು ಅಂದಿದ್ದಕ್ಕೆಲ್ಲ ತಲೆ ಆಡಿಸ್ಕೊಂಡು ಇರ್ತೀಯಾ? ಅಂಥ ಗಂಡ ನಂಗೆ ಬೇಡ." ಅಳು ಬಂದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವನು ಮೆಷಿನ್ ಆಫ್ ಮಾಡಿದ. "ಭಯ ಆಯ್ತು. ನೀವು ಲಂಡನ್ ಗೆಲ್ಲೋ ಹೊತ್ತಿಗೆ ನಮಗೆ ವಯಸ್ಸಾಗಿರುತ್ತೆ ಅಂತ."

"ಏನಂದೆ?"

"ನಿಜ ಹೇಳು ಅಂದ್ರಲ್ಲ. ಗೋಡೆ ಕಂಡ್ರೆ ಸಾಕು, ಗುದ್ದೋಕೆ ಓಡಿ ಬರ್ತೀರ. ಪಕ್ಕದಲ್ಲೇ ದಾರಿ ಇದ್ರೂ ನೋಡಲ್ಲ."

ಎಷ್ಟು ಕೊಬ್ಬು! ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅವನ ಕಿವಿ ಕೆಂಪಾಗಿದ್ದು ಕಂಡು ಮುದ್ದೂ ಬಂತು, ಹಾಳಾದ್ದು.

"ಕಾಯಿ ಜೋಡಿಸು. ಲಂಡನ್ ಆಡು. ಎಳ್ಳಷ್ಟು ಬಿಟ್ಟುಕೊಟ್ಟೆ ಅಂತ ಗೊತ್ತಾದ್ರೂ ಈ ಕಡೆ ತಲೆ ಹಾಕಿಯೂ ಮಲಗಲ್ಲ."

ಆಡಿದ. ನಡುವೆ ಅಜ್ಜಿಯ ಕನ್ನಡಕಕ್ಕೆ ಲೆನ್ಸ್ ಕೂರಿಸಿಕೊಟ್ಟ. ಅಜ್ಜಿ ಅದನ್ನು ಹಾಕಿಕೊಂಡು, ಮನೆಗೆ ಹೋಗದೆ ನಮ್ಮನ್ನೇ ನೋಡುತ್ತ ಕೂತರು. ಈ ಸಲ ನಾನು ಗುದ್ದಲಿಲ್ಲ. ಕುದುರೆಯನ್ನು ಗೋಡೆಯ ಪಕ್ಕದಿಂದ ಸುತ್ತಿಸಿ ತಂದೆ. ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಕೂದಲೊಳಗೆ ಕೈ ತೂರಿಸಿದ. ಗೆದ್ದೇ ಬಿಟ್ಟೆ ಅಂದುಕೊಂಡೆ.

ಆಗಲೇ ನನ್ನ ತಪ್ಪು ಕಣ್ಣಿಗೆ ಬಿತ್ತು. ಅವನಿಗೂ ಬಿದ್ದಿತ್ತು. ಅವನ ಬೆರಳು ರಾಣಿಯ ಮೇಲೆ ನಿಂತುಬಿಟ್ಟಿತು. ಅದನ್ನು ನಡೆಸಿದರೆ ಆಟ ಮುಗಿಯಿತು, ನನ್ನ ಉತ್ತರವೂ ಹೋಯಿತು. ಪಕ್ಕದ ಪಾನ್ ತಳ್ಳಿದರೆ ನಾನೇ ಗೆಲ್ಲುತ್ತಿದ್ದೆ. ಅವನು ತಲೆ ಎತ್ತಿ ನೋಡಿದ. ಕಣ್ಣು ತುಂಬಿತ್ತು. ನಾನು ದುರುಗುಟ್ಟಿಕೊಂಡೇ ಕೂತೆ. ಒಳಗೊಳಗೆ ಮಾತ್ರ, ಆಡು, ದಯವಿಟ್ಟು ಆಡು ಎಂದು ಬೇಡಿಕೊಳ್ಳುತ್ತಿದ್ದೆ.

ರಾಣಿಯನ್ನು ಎತ್ತಿ ಇಟ್ಟ. "ಚೆಕ್‌ಮೇಟ್," ಅಂದ. ಸೋತವನ ಧ್ವನಿ.

"ಹೂಂ," ಎಂದೆ.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ! ಮದುವೆ ಆಗ್ತೀನಿ."

"ಆದ್ರೆ ನೀವು ಲಂಡನ್ ಸೋಲಿಸಿಲ್ವಲ್ಲ?"

"ಅದಕ್ಕೆ ಒಂದು ಜನ್ಮ ಬೇಕು ಅಂತ ಕಾಣುತ್ತೆ. ನಿನ್ನ ಕಟ್ಕೊಳ್ದೆ ಅಷ್ಟು ಟೈಮು ಎಲ್ಲಿಂದ ತರಲಿ?"

ಅವನು ನಕ್ಕ, ಅಜ್ಜಿಯೂ ನಕ್ಕರು. "ನಗಬೇಡ, ನಂಗಿನ್ನೂ ಸಿಟ್ಟಿದೆ," ಎಂದೆ. ಅಷ್ಟು ಹೇಳುವಾಗಲೂ ಅವನ ಕೈ ನನ್ನ ಕೈಯಲ್ಲೇ ಇತ್ತು.