ಯಾವ ಅಣ್ಣ

ಸೋಮವಾರ ಬೆಳಗ್ಗೆ ಠಾಣೆಯ ನೆಲ ಒರೆಸುವ ಕೆಲಸ ಇನ್ನೂ ಮುಗಿದಿರಲಿಲ್ಲ. ಒದ್ದೆ ನೆಲ ತುಳಿದುಕೊಂಡು ಒಬ್ಬ ಯುವಕ ನೇರ ರೈಟರ್ ಮೇಜಿನ ಮುಂದೆ ಬಂದು ನಿಂತ. ಲಿಫ್ಟ್ ರಿಪೇರಿಯವನು. ಅಂಗಿಯ ಜೇಬಿನಲ್ಲಿ ಟೆಸ್ಟರ್ ಹಾಗೇ ಇತ್ತು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ ಕಾಲೇಜಿಗೆ ಸೇರಿಸಿದವನು ಇವನೇ. ಆ ತಮ್ಮ ಈಗ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದ. ಭಾನುವಾರ ಸಂಜೆ ಕಾಲೇಜಿನ ಈಜುಕೊಳದಲ್ಲಿ ಕಾಲು ಜಾರಿ ಬಿದ್ದು ಮುಳುಗಿದ ಎಂದು ಈಜು ಸಂಘದ ಹುಡುಗರೇ ತಂದು ಸೇರಿಸಿದ್ದರು.

“ಅವನು ಮುಳುಗೋನಲ್ಲ ಸಾರ್,” ಎಂದ ಯುವಕ. “ಆರು ವರ್ಷಕ್ಕೇ ಈಜು ಕಲಿತೋನು. ಇದ್ರಲ್ಲಿ ಏನೋ ಇದೆ. ಬರ್ಕೊಳ್ಳಿ.”

ರೈಟರ್ ಬರೆದುಕೊಂಡ. ಓದಿ ಹೇಳಿ ಸಹಿ ಹಾಕಿಸಿಕೊಂಡ. ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ದೂರನ್ನು ಎರಡು ಸಲ ಓದಿದರು. ಅವರು ಮಾತು ಕಡಿಮೆಯ ಹೆಂಗಸು. ಎದುರಿಗಿದ್ದವರು ಬಾಯಿ ಬಿಡುವ ತನಕ ಸುಮ್ಮನೆ ನೋಡುತ್ತಾ ಕೂರುವುದು ಅವರ ಅಭ್ಯಾಸ. ದಫೇದಾರನನ್ನು ಆಸ್ಪತ್ರೆಗೆ ಅಟ್ಟಿ, ಇಬ್ಬರು ಕಾನ್‌ಸ್ಟೆಬಲ್‌ಗಳೊಂದಿಗೆ ತಾವು ಕಾಲೇಜಿಗೆ ಹೊರಟರು.

ಈಜುಕೊಳದ ಪಕ್ಕದಲ್ಲೇ ಬಟ್ಟೆ ಬದಲಿಸುವ ಕೋಣೆ. ಬಾಗಿಲು ತೆಗೆದ ಕೂಡಲೇ ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯಿತು. ಮೊಳೆಗೆ ನೇತುಹಾಕಿದ ಟವೆಲುಗಳು ವಾರಗಟ್ಟಲೆ ತೊಳೆಯದೆ ಗಬ್ಬು ನಾರುತ್ತಿದ್ದವು. ನೆಲ ಮಾತ್ರ ಫಳಫಳ ಹೊಳೆಯುತ್ತಿತ್ತು. ಇಷ್ಟು ಶುಚಿಯಾದ ನೆಲ ಗಂಡುಹುಡುಗರ ಕೋಣೆಯಲ್ಲಿ ತಾನೆಂದೂ ಕಂಡಿಲ್ಲವೆಂದು ಒಬ್ಬ ಕಾನ್‌ಸ್ಟೆಬಲ್ ಗೊಣಗಿದ. ಕ್ಯಾಂಟೀನಿನವನನ್ನೂ ಸೈಕಲ್ ಸ್ಟ್ಯಾಂಡಿನ ಕಾವಲುಗಾರನನ್ನೂ ಪಂಚರಾಗಿ ಕರೆಸಿ ಪಂಚನಾಮೆ ಮಾಡಲಾಯಿತು. ನಲ್ಲಿ ಇರುವ ದೊಡ್ಡ ಸ್ಟೀಲ್ ಡ್ರಮ್ಮು, ಒಂದು ಪ್ಲಾಸ್ಟಿಕ್ ಜಗ್ಗು, ಒಂದು ಸೀಟಿ, ಗೋಡೆಗೆ ಒರಗಿಸಿದ ಒಂಟಿ ಮರದ ಸ್ಟೂಲು. ಸ್ಟೂಲಿನ ಎರಡು ಕಾಲುಗಳಿಗೆ ಬಟ್ಟೆಯ ಪಟ್ಟಿ ಕಟ್ಟಿತ್ತು. ಯಾಕೆಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ.

ಸಂಘದ ಹಿರಿಯ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಎಲ್ಲರದೂ ಒಂದೇ ಗಿಳಿಪಾಠ: ಹೊಸಬ ಕೊಳದ ಅಂಚಿನಲ್ಲಿ ಓಡುತ್ತಿದ್ದ, ಕಾಲು ಜಾರಿತು, ಬಿದ್ದ, ನಾವು ಎತ್ತಿದೆವು. ‘ಅಂಚಿನಲ್ಲಿ’ ಎಂಬ ಪದವನ್ನೂ ಯಾರೊಬ್ಬರೂ ಬದಲಾಯಿಸಲಿಲ್ಲ. ಸಂಘದ ನಾಯಕನಂತೂ ಬಲು ಮರ್ಯಾದಸ್ಥ. ಇನ್‌ಸ್ಪೆಕ್ಟರಿಗೆ ಕುರ್ಚಿ ಒರೆಸಿ ಕೊಟ್ಟ, ಫ್ಯಾನ್ ಹಾಕಿದ. ಹೋಗುವಾಗ ತಗ್ಗಿದ ದನಿಯಲ್ಲಿ ಒಂದು ಮಾತು ಸೇರಿಸಿದ. ಆ ಹುಡುಗನ ಅಣ್ಣ ಭಾನುವಾರ ಮಧ್ಯಾಹ್ನ ಬಂದಿದ್ದ, ಗೇಟಿನ ಹತ್ತಿರ ತಮ್ಮನ ಮೇಲೆ ಕೂಗಾಡಿದ, ಆಮೇಲೆ ಹುಡುಗ ಸಪ್ಪಗಿದ್ದ. ಮನೆ ವಿಷಯ, ತಾನು ಹೇಳಬಾರದಿತ್ತು ಎಂದೂ ಅಂದ. ಹೇಳಬಾರದ್ದನ್ನು ಪೂರ್ತಿ ಹೇಳಿ ಮುಗಿಸಿದ ಮೇಲೆ ಹಾಗೆ ಅನ್ನುವವರನ್ನು ಇನ್‌ಸ್ಪೆಕ್ಟರ್ ಬಹಳ ನೋಡಿದ್ದರು.

ಮಧ್ಯಾಹ್ನ ದಫೇದಾರ ಆಸ್ಪತ್ರೆಯಿಂದ ಬಂದ. ಮುಖ ಬಿಗಿದಿತ್ತು.

“ಮುಳುಗಿದ್ದಲ್ಲ ಮೇಡಂ. ಶ್ವಾಸಕೋಶದಲ್ಲಿ ನೀರೇ ಇಲ್ಲವಂತೆ. ಹೊಟ್ಟೇಲಿದೆ. ಮಿತಿಮೀರಿ ನೀರು ಕುಡಿಸಿದ್ದಾರೆ. ರಕ್ತದಲ್ಲಿರೋ ಉಪ್ಪಿನಂಶ ಇಳಿದುಹೋಗಿ ಮಿದುಳು ಊದಿದೆ ಅಂತಾರೆ ಡಾಕ್ಟ್ರು.”

“ಬರೀ ನೀರಾ?”

“ಬರೀ ನೀರು. ನಂಗೂ ನಂಬಿಕೆ ಬರ್ಲಿಲ್ಲ. ವಾಂತಿ ಆಗಿದ್ರೂ ಬಚಾವಾಗ್ತಿದ್ನೇನೋ, ಒಂದು ಗುಟುಕೂ ಆಚೆ ಬಂದಿಲ್ಲವಂತೆ.” ದಫೇದಾರ ಕೂಡಲೇ ಮುಂದಿನದು ಹೇಳಿದ. “ಇನ್ನೊಂದಿದೆ. ಹುಡುಗ ಜ್ವರದವನ ಥರ ಬಡಬಡಿಸ್ತಾನೆ. ಅಣ್ಣ ಕುಡಿಸಿದ ಅಂತಾನಂತೆ. ನರ್ಸಮ್ಮನೇ ಹೇಳಿದ್ರು. ಅದಕ್ಕೇ ಆ ಅಣ್ಣನ್ನ ವಾರ್ಡ್ ಒಳಗೆ ಬಿಡಬೇಡಿ ಅಂತ ಕಾನ್‌ಸ್ಟೆಬಲ್ ನಿಲ್ಲಿಸಿ ಬಂದಿದೀನಿ.”

ದೂರು ಕೊಟ್ಟವನೇ ಆರೋಪಿಯಾಗುವುದು ಠಾಣೆಗೆ ಹೊಸದೇನಲ್ಲ. ದಫೇದಾರ ಮಾಡಿದ್ದು ನಿಯಮದ ಪ್ರಕಾರ ಸರಿಯೇ. ಆದರೆ ಹುಡುಗ ಉಳಿಯುವುದು ಅನುಮಾನ, ಅವನಿಗಿರುವವನು ಇವನೊಬ್ಬನೇ. ತಪ್ಪಿಲ್ಲದ ಅಣ್ಣನನ್ನು ಹೊರಗೆ ನಿಲ್ಲಿಸಿದ್ದರೆ, ಆ ತಪ್ಪನ್ನು ಆಮೇಲೆ ಯಾವ ಕಾಗದದಲ್ಲೂ ತಿದ್ದಲಾಗದು. ಇನ್‌ಸ್ಪೆಕ್ಟರ್ ಊಟದ ಡಬ್ಬಿ ತೆರೆಯದೆ ಆಸ್ಪತ್ರೆಗೆ ಹೋದರು.

ಯುವಕ ವಾರ್ಡಿನ ಹೊರಗೆ ನೆಲದ ಮೇಲೆ ಕುಳಿತಿದ್ದ. ಬೆಂಚು ಖಾಲಿಯಿತ್ತು.

“ನಿನ್ನೆ ಯಾಕೆ ಬಂದಿದ್ದೆ?”

“ಅವನೇ ಫೋನ್ ಮಾಡಿ ಕರೆದ. ಹಾಸ್ಟೆಲ್ ಬೇಡ, ಮನೆಗೆ ಬರ್ತೀನಿ ಅಂದ.”

“ಜಗಳ ಯಾಕಾಯ್ತು?”

“ಮೊದಲನೇ ತಿಂಗಳಿಗೇ ಬಿಟ್ಟು ಬರ್ತೀನಿ ಅಂದ್ರೆ ಹೇಗೆ ಅಂತ ಬೈದೆ. ಸೀನಿಯರ್‌ಗಳು ಏನೋ ಮಾಡ್ತಾರೆ ಅಂದ. ಏನು ಅಂತ ಬಿಡಿಸಿ ಹೇಳ್ಲಿಲ್ಲ. ಬೆಳಗ್ಗೆ ತಿಂಡಿ ಬಿಟ್ಟಿದ್ದ, ಮುಖ ಬಾಡಿತ್ತು, ಎಲ್ಲಾ ನೋಡ್ದೆ ಮೇಡಂ. ನೋಡಿಯೂ, ಸ್ವಲ್ಪ ಹೊಂದ್ಕೊಂಡು ಹೋಗೋ ಅಂತ ವಾಪಸ್ ಒಳಗೆ ಕಳಿಸ್ದೆ.”

ಹೊಂದಿಕೊಂಡು ಹೋಗು. ಈ ಮಾತನ್ನು ಹೇಳದ ತಂದೆತಾಯಿ ಯಾರಿದ್ದಾರೆ? ಇನ್‌ಸ್ಪೆಕ್ಟರೇ ತಮ್ಮ ಮಗಳಿಗೆ ಹೋದ ವರ್ಷ ಹೇಳಿದ್ದರು. ಆ ಮಾತಿನ ಮೇಲೆ ಅವರಿಗೆ ಅಸಹ್ಯ ಹುಟ್ಟಿತು.

ತಮ್ಮನ ದನಿ ಕೇಳಿಸುವಂಥದ್ದೇನಾದರೂ ಇದೆಯೇ ಎಂದು ಕೇಳಿದರು. ಯುವಕ ಮೊಬೈಲಿನಲ್ಲಿ ಎರಡು ವಾರದ ಹಿಂದಿನ ಒಂದು ಸಂದೇಶ ಹಾಕಿದ. ಹುಡುಗನ ಉತ್ಸಾಹದ ದನಿ ಕಾರಿಡಾರಿನಲ್ಲಿ ಕೇಳಿಸಿತು: “ಲೇ ಅಣ್ಣ, ಬರೋವಾಗ ನನ್ನ ಹಳೇ ಚಪ್ಪಲಿ ತಗೊಂಡ್ ಬಾರೋ. ಮರೀಬೇಡ ಕಣೋ ಕತ್ತೆ.”

“ಯಾವಾಗ್ಲೂ ಹೀಗೇ ಮಾತಾಡ್ತಾನಾ?”

“ಹೂಂ. ಮುದ್ದು ಮಾಡಿ ಕೆಡಿಸಿದೀನಿ. ಬಹುವಚನ ಅವನ ಬಾಯಲ್ಲಿ ಬಂದಿದ್ದೇ ಇಲ್ಲ.”

ಇನ್‌ಸ್ಪೆಕ್ಟರ್ ಎದ್ದು ಒಳಗೆ ಹೋಗಿ ನರ್ಸನ್ನು ಕರೆದರು. ಹುಡುಗ ಹೇಳಿದ್ದರ ಅರ್ಥ ಬೇಡ, ಅವನ ಬಾಯಿಂದ ಬಂದದ್ದನ್ನು ಬಂದ ಹಾಗೇ ಹೇಳಬೇಕೆಂದರು. ನರ್ಸ್ ನೆನಪಿಸಿಕೊಂಡರು.

“ಸಾಕು ಅಣ್ಣ, ಅಂತಾನೆ. ಬಿಡಿ ಅಣ್ಣ. ಕುಡೀತೀನಿ ಅಣ್ಣ, ಹೊಡೀಬೇಡಿ.”

“ಬಿಡು ಅಂದನೋ, ಬಿಡಿ ಅಂದನೋ?”

“ಬಿಡಿ. ಪ್ರತೀ ಸಲವೂ ಬಿಡಿ ಅಂತಲೇ.”

“ಕುಡಿಸಿದ ಅಂತ ಅವನು ಅಂದನಾ?”

“ಇಲ್ಲ, ಅದು ನಾನು ಅಂದ್ಕೊಂಡು ಹೇಳಿದ್ದು.”

ಸಾಯುವ ಸ್ಥಿತಿಯಲ್ಲೂ ಮರ್ಯಾದೆ ಮರೆಯದ ಹಾಗೆ ಯಾರೋ ಈ ಮಗುವಿಗೆ ಹೆದರಿಕೆ ಹಾಕಿದ್ದರು. ಮನೆಯ ಅಣ್ಣನಿಗೆ ಕತ್ತೆ ಎನ್ನುವ ಬಾಯಿ ಇನ್ಯಾವನಿಗೋ ‘ಬಿಡಿ’ ಎಂದು ಅಂಗಲಾಚುತ್ತಿತ್ತು. ಇನ್‌ಸ್ಪೆಕ್ಟರ್ ಹೊರಗೆ ಬಂದು ಕಾವಲಿನ ಕಾನ್‌ಸ್ಟೆಬಲ್‌ಗೆ ಯುವಕನನ್ನು ಒಳಗೆ ಬಿಡಲು ಹೇಳಿದರು. ಅವನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಎದ್ದು ಹೋದ.

ಸಂಜೆ ಮತ್ತೆ ಕಾಲೇಜು. ಈ ಸಲ ಅವರು ಹಿರಿಯರನ್ನು ಮಾತನಾಡಿಸಲಿಲ್ಲ. ಅವರನ್ನೆಲ್ಲ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಸಂಘಕ್ಕೆ ಈ ವರ್ಷ ಸೇರಿದ ಹೊಸ ಹುಡುಗರನ್ನು ಗ್ರಂಥಾಲಯಕ್ಕೆ ಕರೆಸಿದರು. ಹುಡುಗರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಒಬ್ಬನ ಕಣ್ಣು ಕೆಂಪಗಿತ್ತು. ಒಬ್ಬ ಮೇಜಿನ ಮೇಲಿಟ್ಟ ನೀರಿನ ಬಾಟಲಿ ಕಂಡು ಕುರ್ಚಿ ಹಿಂದಕ್ಕೆ ಎಳೆದುಕೊಂಡ. ಇನ್‌ಸ್ಪೆಕ್ಟರ್ ಏನನ್ನೂ ಕೇಳಲಿಲ್ಲ. ಒಬ್ಬೊಬ್ಬರನ್ನೇ ಕರೆದು, ಒಬ್ಬರಿಗೊಬ್ಬರು ಕಾಣದ ಹಾಗೆ, ಒಂದೇ ಕೆಲಸ ಹೇಳಿದರು.

“ಹೋಗಿ ಅಣ್ಣನ್ನ ಕರ್ಕೊಂಡು ಬಾ.”

ಯಾವ ಅಣ್ಣ ಎಂದು ಒಬ್ಬನೂ ಕೇಳಲಿಲ್ಲ. ಒಬ್ಬೊಬ್ಬನೂ ಹೋಗಿ ನಿಂತದ್ದು ನಾಯಕ ಕುಳಿತಿದ್ದ ಕೋಣೆಯ ಬಾಗಿಲಲ್ಲಿ. ಪ್ರತಿ ಸಲವೂ ದಫೇದಾರ ಅವರನ್ನು ಅಲ್ಲಿಂದಲೇ ವಾಪಸ್ ಕಳಿಸಿದ. ಕೊನೆಯವನು ಹೋಗಿ ಬಂದ ಮೇಲೆ ಹುಡುಗನ ಸ್ವಂತ ಅಣ್ಣನನ್ನು ವಾರ್ಡಿನ ಹೊರಗೆ ನಿಲ್ಲಿಸಿದ್ದನ್ನು ನೆನೆದು ದಫೇದಾರ ತಲೆ ಕೆರೆದುಕೊಂಡ.

ಅಷ್ಟಾದ ಮೇಲೆ ಹುಡುಗರ ಬಾಯಿ ಬಿಡಿಸುವುದು ಕಷ್ಟವಾಗಲಿಲ್ಲ. ನೀರಿನ ಬಾಟಲಿಗೆ ಹೆದರಿದವನೇ ಮೊದಲು ಹೇಳಿದ. ಸಂಘದಲ್ಲಿ ಹಿರಿಯರಿಗೆಲ್ಲ ‘ಸರ್’ ಅನ್ನಬೇಕು. ‘ಅಣ್ಣ’ ಅನ್ನಿಸಿಕೊಳ್ಳುವ ಹಕ್ಕು ನಾಯಕನೊಬ್ಬನದು. ಪ್ರತಿ ವರ್ಷ ಒಂದು ಭಾನುವಾರ ಹೊಸಬರನ್ನು ‘ತುಂಬಿಸುತ್ತಾರೆ’. ಸ್ಟೂಲಿನ ಮೇಲೆ ಕೂರಿಸಿ ಕಣಕಾಲುಗಳನ್ನು ಪಟ್ಟಿಯಿಂದ ಕಟ್ಟುತ್ತಾರೆ. ಸೀಟಿ ಊದಿದಾಗಲೆಲ್ಲ ಒಂದು ಜಗ್ಗು. ವಾಂತಿ ಮಾಡಿದವನನ್ನು ಬಿಡುತ್ತಾರೆ, ಅವನ ವಾಂತಿಯನ್ನು ಅವನ ಕೈಯಲ್ಲೇ ಒರೆಸಿಸುತ್ತಾರೆ, ಉಳಿದವರು ಸುತ್ತ ನಿಂತು ನಗುತ್ತಾರೆ. ಉಳಿದ ಹೊಸಬರೆಲ್ಲ ಬೇಗ ವಾಂತಿ ಮಾಡಿಕೊಂಡಿದ್ದರು. ಆ ಹುಡುಗನೊಬ್ಬ ಮಾಡಲಿಲ್ಲ.

ಕುಡಿದು ಹೊಡೆದಾಡಿ ತಲೆ ಒಡೆದುಕೊಂಡವರನ್ನು ಇನ್‌ಸ್ಪೆಕ್ಟರ್ ಕಂಡಿದ್ದರು. ಅಂಥವರಿಗೆ ಸಿಟ್ಟಾದರೂ ಇರುತ್ತಿತ್ತು. ಇವರಿಗೆ ಸಿಟ್ಟೂ ಇರಲಿಲ್ಲ. ಶುಭ್ರವಾದ ಅಂಗಿ ತೊಟ್ಟು, ಸರದಿ ಹಚ್ಚಿ, ಸೀಟಿ ಊದಿ ಮಾಡಿದ ಕೆಲಸ ಇದು.

ಸಂಘದ ಉಸ್ತುವಾರಿಯ ಉಪನ್ಯಾಸಕ ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಯ ಸದಸ್ಯನೂ ಆಗಿದ್ದ. ಅವನ ಕೋಣೆಯ ಬಾಗಿಲಿಗೇ ರ‍್ಯಾಗಿಂಗ್ ಅಪರಾಧವೆಂಬ ಫಲಕವಿತ್ತು. ‘ತುಂಬಿಸುವುದು’ ತನಗೆ ಗೊತ್ತೆಂದು ಅವನು ಸಂಕೋಚವಿಲ್ಲದೆ ಒಪ್ಪಿಕೊಂಡ.

“ಮೊದಲು ಸಾರಾಯಿ ಕುಡಿಸ್ತಿದ್ರು ಮೇಡಂ. ಅದನ್ನ ನಿಲ್ಲಿಸಿ ನೀರು ಅಂತ ಮಾಡಿದ್ದೇ ನಾನು. ನೀರಿಂದ ಯಾರಿಗಾದ್ರೂ ಏನಾದ್ರೂ ಆಗುತ್ತಾ?”

ಅವನು ಹೊಗಳಿಕೆಗೆ ಕಾಯುತ್ತಿದ್ದಂತಿತ್ತು.

“ಯಾಕೆ ಪೂರ್ತಿ ನಿಲ್ಲಿಸಲಿಲ್ಲ?”

“ಹುಡುಗರಲ್ಲಿ ಒಗ್ಗಟ್ಟು ಬೇಕಲ್ಲ.”

“ತುಂಬಿಸಿದ ಮಾರನೇ ಸೋಮವಾರ ಹೊಸಬರ್ಯಾರೂ ತಿಂಡಿಗೆ ಬರಲ್ಲ ಅಂತ ಹಾಸ್ಟೆಲ್ ವಾರ್ಡನ್ ನಂಗೆ ಹೇಳಿದ್ರು. ಪ್ರತೀ ವರ್ಷ. ನಿಮಗೆ ಹೇಳಿರಲಿಲ್ವಾ?”

“ಹೇಳಿದ್ರು,” ಎಂದ ಉಪನ್ಯಾಸಕ. ಕಿವಿಗೆ ಬಿದ್ದಿತ್ತು, ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ, ಅಷ್ಟೇ. ಹೊಸಬರು ಊಟ ಬಿಟ್ಟರು, ಫೋನಿನಲ್ಲಿ ಮಾತು ನುಂಗಿದರು, ಮನೆಗೆ ಬರುತ್ತೇವೆಂದು ಅತ್ತರು. ಕಣ್ಣಿದ್ದವರಿಗೆ ಕಾಣುವುದೆಲ್ಲ ಕಂಡಿತ್ತು. ಎಲ್ಲರೂ ಅದಕ್ಕೆ ಒಗ್ಗಟ್ಟು ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದರು. ಇನ್‌ಸ್ಪೆಕ್ಟರ್ ಅವನ ಹೆಸರನ್ನು ಎರಡನೇ ಆರೋಪಿಯಾಗಿ ಸೇರಿಸಲು ಹೇಳಿದರು. ಆಗ ಮಾತ್ರ ಅವನ ಮುಖದಲ್ಲಿ ಬೆವರು ಕಂಡಿತು.

ಮಂಗಳವಾರ ಬೆಳಗ್ಗೆ ಹುಡುಗ ತೀರಿಕೊಂಡ. ಅಣ್ಣ ಪಕ್ಕದಲ್ಲೇ ಇದ್ದ. ತಮ್ಮ ಅವನನ್ನು ಗುರುತಿಸಿದನೇ ಎಂದು ದಫೇದಾರ ನರ್ಸನ್ನು ಕೇಳಿದ. ನರ್ಸ್ ಹಾಸಿಗೆ ಪಕ್ಕದ ಡ್ರಿಪ್ ಬಾಟಲಿ ಕಳಚತೊಡಗಿದರು. ಶವ ಪಂಚನಾಮೆಗೆ ಸಹಿ ಹಾಕುವಾಗ ಯುವಕ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದ. ಹಾಜರಿದ್ದವರ ಕಾಲಂನಲ್ಲಿ ಸಂಬಂಧ ಎಂದಿತ್ತು. ಅವನು ‘ಅಣ್ಣ’ ಎಂದು ಬರೆದು, ಹಾಳೆಯನ್ನು ದಫೇದಾರನ ಕಡೆ ತಳ್ಳಿದ. ದಫೇದಾರ ಅವನ ಜೊತೆ ಶವಾಗಾರದ ತನಕ ನಡೆದ.

ಎಫ್‌ಐಆರ್‌ನಲ್ಲಿ ಕಲಂಗಳು ಬದಲಾದವು. ಮಧ್ಯಾಹ್ನದ ಹೊತ್ತಿಗೆ ನಾಯಕನ ಬಂಧನವಾಯಿತು. ಅವನ ತಂದೆ ವಕೀಲರನ್ನು ಕರೆದುಕೊಂಡು ಬರುವ ಮೊದಲೇ ಅವನು ತಾನಾಗಿ ಮಾತನಾಡತೊಡಗಿದ. ಇನ್‌ಸ್ಪೆಕ್ಟರ್ ಎಂದಿನಂತೆ ಎದುರಿಗೆ ಸುಮ್ಮನೆ ಕುಳಿತಿದ್ದರು.

ಸೇರಿದ ವರ್ಷ ನಾಯಕನನ್ನೂ ತುಂಬಿಸಿದ್ದರು. ಮೂರನೇ ಜಗ್ಗಿಗೇ ಅವನು ವಾಂತಿ ಮಾಡಿಕೊಂಡಿದ್ದ, ಮೈಮೇಲೆಲ್ಲ. ಆ ದಿನದಿಂದ ಒಂದಿಡೀ ವರ್ಷ ಅವನಿಗೆ ‘ತೂತು ಬಕೆಟ್’ ಎಂದು ಹೆಸರಾಯಿತು. ಕ್ಲಾಸಿನಲ್ಲಿ, ಕ್ಯಾಂಟೀನಿನಲ್ಲಿ, ಈಜು ಸ್ಪರ್ಧೆಯಲ್ಲಿ ಗೆದ್ದು ಪದಕ ಹಾಕಿಸಿಕೊಳ್ಳುವಾಗಲೂ ಹಿಂದಿನಿಂದ ಯಾರೋ ಕೂಗಿದ್ದರು. ಆ ಹೆಸರು ಅಳಿಸಿ ಅಣ್ಣ ಅನ್ನಿಸಿಕೊಳ್ಳಲು ಅವನಿಗೆ ಎರಡು ವರ್ಷ ಹಿಡಿದಿತ್ತು.

“ಅವನು ವಾಂತಿ ಮಾಡ್ಲೇ ಇಲ್ಲ ಮೇಡಂ,” ಎಂದ. “ಎಂಟಾಯ್ತು, ಒಂಬತ್ತಾಯ್ತು. ಎಲ್ಲರೂ ಅವನಿಗೆ ಚಪ್ಪಾಳೆ ತಟ್ಟೋಕೆ ಶುರು ಮಾಡಿದ್ರು. ಒಬ್ಬ ನನ್ನ ಕಡೆ ನೋಡಿ ನಕ್ಕ. ಇನ್ನೊಂದು ಜಗ್ಗಿಗೆ ಆಗುತ್ತೆ, ಇನ್ನೊಂದಕ್ಕೆ ಆಗುತ್ತೆ ಅಂತ ಹಾಕ್ತಾನೇ ಹೋದೆ. ಒಂದು ಸಲ ವಾಂತಿ ಮಾಡಿದ್ರೆ ಬಿಟ್ಬಿಡ್ತಿದ್ದೆ. ಆಣೆ ಮಾಡಿ ಹೇಳ್ತೀನಿ.”

ರೈಟರ್ ಬರೆಯುತ್ತಿದ್ದ. ಹುಡುಗ ಬೆಳಗ್ಗೆ ಸತ್ತನೆಂದು ಇನ್‌ಸ್ಪೆಕ್ಟರ್ ಅವನಿಗೆ ತಿಳಿಸಿದರು. ಅವನು ತಲೆಯಾಡಿಸಿದ, ಗೊತ್ತಿದ್ದ ವಿಷಯ ಕೇಳಿದವನಂತೆ. ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ. ಆಮೇಲೆ ಮುಂದಕ್ಕೆ ಬಾಗಿ, ಕುರ್ಚಿ ಒರೆಸಿ ಕೊಟ್ಟ ದಿನದ ಅದೇ ತಗ್ಗಿದ ದನಿಯಲ್ಲಿ ಕೇಳಿದ.

“ಆಸ್ಪತ್ರೆಯಲ್ಲಾದ್ರೂ ವಾಂತಿ ಮಾಡಿದ್ನಾ?”

ರೈಟರ್ ಪೆನ್ನು ನಿಲ್ಲಿಸಿದ.

“ಇಲ್ಲ,” ಎಂದರು ಇನ್‌ಸ್ಪೆಕ್ಟರ್.

ಸಾವಿನ ಸುದ್ದಿಗೆ ಕದಲದಿದ್ದ ಆ ಮುಖ ಆಗ ಪಂದ್ಯ ಸೋತವನ ಮುಖದಂತೆ ಬಾಡಿತು. ಇನ್‌ಸ್ಪೆಕ್ಟರ್ ಎದ್ದು, ಆ ಪ್ರಶ್ನೆಯನ್ನೂ ಹೇಳಿಕೆಯಲ್ಲಿ ಸೇರಿಸಬೇಕೆಂದು ರೈಟರ್‌ಗೆ ಹೇಳಿ, ಕೈ ತೊಳೆಯಲು ಹಿತ್ತಲಿನ ನಲ್ಲಿಯ ಕಡೆ ಹೋದರು.