ಎರಡು ಬೆರಳು ಹೆಚ್ಚು

“ಅಲುಗಾಡಬ್ಯಾಡ, ಗೆರಿ ಸೊಟ್ಟ ಆಗ್ತೈತಿ,” ಎಂದಳು ಬ್ರಾಹ್ಮಿ.

“ಕಚಗುಳಿ ಆಗ್ತೈತಿ, ನಾ ಏನ್ ಮಾಡ್ಲಿ?” ಎಂದು ಡೋಲ್ಕರ್ ಕಿಸಕ್ಕನೆ ನಕ್ಕಳು.

ನೆಲದ ಮೇಲೆ ಹಳೆಯ ಪೇಪರ್ ಹಾಸಿತ್ತು. ಡೋಲ್ಕರ್ ಅದರ ಮೇಲೆ ಬಲಗಾಲಿಟ್ಟು ನಿಂತಿದ್ದಳು. ಬ್ರಾಹ್ಮಿ ಬೋರಲು ಮಲಗಿ ಅವಳ ಪಾದದ ಸುತ್ತ ಪೆನ್ಸಿಲ್ ಓಡಿಸುತ್ತಿದ್ದಳು. ಗೋಡೆಗೆ ಆನಿಸಿಟ್ಟ ಮೊಬೈಲಿನೊಳಗಿಂದ ಡೋಲ್ಕರಳ ಅಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಿಪ್ಪಾಣಿಯಲ್ಲಿ ಸಂಜೆ ನಾಲ್ಕೂವರೆ, ಅವರಿದ್ದಲ್ಲಿ ಇನ್ನೂ ಮಧ್ಯಾಹ್ನ ಹನ್ನೆರಡು. ಅವರ ಬೆನ್ನ ಹಿಂದಿನ ಕಿಟಕಿಯಾಚೆ ಮಂಜು ಬೀಳುತ್ತಿತ್ತು.

ಆ ಮಂಜಿನಲ್ಲಿ ಓಡಾಡಲು ಮಗಳಿಗೆ ಒಳಗೆ ಉಣ್ಣೆಯಿರುವ ಬೂಟು ಬೇಕು. ಅಂಗಡಿಯಲ್ಲಿ ಸೇಲ್ ಹಾಕಿದ್ದಾರಂತೆ. ಅದಕ್ಕೇ ಅಳತೆ.

ಬಟ್ಟೆ ಒಣಹಾಕಲು ಹೊರಟಿದ್ದ ಬ್ರಾಹ್ಮಿಯ ಅವ್ವ ಬಾಗಿಲಲ್ಲೇ ನಿಂತು, “ಒಂದ್ ಬೆರಳು ಬಿಟ್ಟು ತಗಿ. ಬೆಳಿಯೂ ಕಾಲು,” ಎಂದಳು. ಬ್ರಾಹ್ಮಿಯ ಶಾಲೆಯ ಬೂಟು ತರುವಾಗಲೂ ಅವ್ವನದು ಅದೇ ಪಾಠ. ವರ್ಷಕ್ಕೊಂದು ಬೆರಳು. ಜೂನ್ ತಿಂಗಳಲ್ಲಿ ಬ್ರಾಹ್ಮಿ ಬಾತುಕೋಳಿಯ ಹಾಗೆ ನಡೆಯುತ್ತಿದ್ದಳು, ಮಾರ್ಚ್ ಬರುವಷ್ಟರಲ್ಲಿ ಬೂಟು ಸರಿಯಾಗಿ ಕೂರುತ್ತಿತ್ತು.

ಫೋನಿನೊಳಗಿನ ಅಮ್ಮ ನಕ್ಕು, ಬೆರಳು ಗಿರಳು ಏನೂ ಬೇಡ, ಫೆಬ್ರುವರಿಯೊಳಗೆ ಕರೆಸಿಕೊಳ್ಳುತ್ತೇನೆ, ಕಾಲು ಇದ್ದಷ್ಟೇ ಬರೆಯಿರಿ ಎಂದರು. ಡೋಲ್ಕರ್ ಪೇಪರನ್ನು ಎತ್ತಿ ಫೋನಿಗೆ ತೋರಿಸಿದಳು. ಅಮ್ಮ ನಗುವುದನ್ನು ಬಿಟ್ಟರು. ಅವರು ಬಿಟ್ಟುಹೋದಾಗ ಆ ಕಾಲು ಅವರ ಗೇಣಿಗಿಂತ ಚಿಕ್ಕದಿತ್ತು.

ಗೆರೆ ಬಹಳ ಚೆನ್ನಾಗಿ ಬಂದಿತ್ತು. ಆದರೂ ಬ್ರಾಹ್ಮಿಗೆ ಅದನ್ನು ನೋಡಬೇಕೆನಿಸಲಿಲ್ಲ.

ಡೋಲ್ಕರ್ ಯಾರು ಅಂತ ಹೇಳಲೇ ಇಲ್ಲವಲ್ಲ. ದೀಪಾವಳಿ ಮುಗಿಯಿತೆಂದರೆ ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವೆಟರ್ ಅಂಗಡಿಗಳು ಏಳುತ್ತವೆ. ಮುಂಡಗೋಡದ ಟಿಬೆಟಿನವರು ಬಂದು ಸಂಕ್ರಾಂತಿಯವರೆಗೆ ಮಾರುತ್ತಾರೆ. ಅವರಲ್ಲಿ ಡೋಲ್ಕರಳ ಅಜ್ಜಿಯೂ ಒಬ್ಬರು. ಟಿಬೆಟ್ ಮಾತಿನಲ್ಲಿ ಅಜ್ಜಿಗೆ ಮೋಮೋಲಾ ಅನ್ನುತ್ತಾರೆ. ಗಾಡಿಯ ಮೇಲೆ ಮಾರುವ ಮೋಮೋ ನೆನಪಾಗಿ ಮೊದಲ ವರ್ಷ ಬ್ರಾಹ್ಮಿ ಬಿದ್ದು ಬಿದ್ದು ನಕ್ಕಿದ್ದಳು.

ಐದು ವರ್ಷಗಳಿಂದ ಅವರಿಗೆ ಬ್ರಾಹ್ಮಿಯ ಮನೆಯ ಮುಂದಿನ ಖೋಲಿಯೇ ಬಾಡಿಗೆಗೆ. ಬ್ರಾಹ್ಮಿಯ ಅಜ್ಜಿ ಚಂದ್ರಮತಿ ಬಿಗಿ ಮನುಷ್ಯಳು. ಜೈನರ ಮನೆ, ಮಾಂಸ ಮೊಟ್ಟೆ ಒಳಗೆ ಬರಕೂಡದು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ಹೀಗೆ ಮೊದಲ ದಿನವೇ ನಿಯಮಗಳನ್ನೆಲ್ಲ ಒಪ್ಪಿಸಿದ್ದಳು. ಮೋಮೋಲಾ ಎಲ್ಲವನ್ನೂ ಕೇಳಿಕೊಂಡು, ಚಹಾ ಆದರೂ ಕುಡಿಯಬಹುದೋ ಇಲ್ಲವೋ ಎಂದು ಕೇಳಿದ್ದರು. ಅಜ್ಜಿ ನಕ್ಕುಬಿಟ್ಟಿದ್ದಳು. ಆಮೇಲೆ ಚಳಿಗಾಲದಲ್ಲಿ ಆ ಖೋಲಿಯನ್ನು ಬೇರೆ ಯಾರಿಗೂ ಕೊಟ್ಟಿದ್ದಿಲ್ಲ.

ಇಲ್ಲಿರುವಷ್ಟು ದಿನ ಡೋಲ್ಕರ್ ಬ್ರಾಹ್ಮಿಯ ಕ್ಲಾಸಿನಲ್ಲೇ ಕೂರುತ್ತಿದ್ದಳು. ಹೆಸರು ಕೇಳಿದ ಮಾಸ್ತರರು ಅದು ಮರಾಠಿ ಮನೆತನದ ಹೆಸರೆಂದು ತಿಳಿದು, ಡೋಲ್ಕರ್ ಅಡ್ಡಹೆಸರಾಯಿತು, ನಿನ್ನ ಹೆಸರು ಹೇಳು, ಕೊಲ್ಹಾಪುರದ ಕಡೆಯವರೇನು ಎಂದಿದ್ದರು.

ಮೋಮೋಲಾ ಐದು ವರ್ಷದವರಿದ್ದಾಗ ಅಪ್ಪನ ಬೆನ್ನ ಮೇಲೆ ಕೂತು ಹಿಮದ ಗುಡ್ಡ ದಾಟಿ ಬಂದವರು. ಡೋಲ್ಕರಳ ಅಮ್ಮ ಹುಟ್ಟಿದ್ದು ಮುಂಡಗೋಡದಲ್ಲೇ. ಆದರೂ ಅವರ ಕೈಯಲ್ಲಿದ್ದದ್ದು ನಿರಾಶ್ರಿತರೆಂಬ ಗುರುತಿನ ಪುಸ್ತಕ. ನಮ್ಮದು ಅನ್ನುವ ದೇಶ ಮಗಳಿಗಾದರೂ ಇರಲಿ ಎಂದು ಅಮ್ಮ ನಾಲ್ಕು ವರ್ಷಗಳ ಹಿಂದೆ ಯುರೋಪಿಗೆ ಹೋಗಿ ಆಶ್ರಯ ಕೇಳಿದ್ದರು. ಒಂದು ವರ್ಷ ಕ್ಯಾಂಪಿನಲ್ಲಿ ಎಂಟು ಹೆಂಗಸರ ಜೊತೆ ಒಂದೇ ರೂಮಿನಲ್ಲಿದ್ದರು. ಆಮೇಲೆ ಇರಬಹುದು ಎಂಬ ಕಾಗದ ಸಿಕ್ಕಿತು, ಆಸ್ಪತ್ರೆಯಲ್ಲಿ ಚಾದರ ಮಡಿಸುವ ಕೆಲಸವೂ ಸಿಕ್ಕಿತು. ಈಗ ಮಗಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದರು. ಆ ದೇಶದ ಹೆಸರು ಬ್ರಾಹ್ಮಿಯ ನಾಲಿಗೆಗೆ ಹೊರಳುತ್ತಿರಲಿಲ್ಲ. ಅದಕ್ಕೆ ಗೆಳತಿಯರಿಬ್ಬರೂ ಅದನ್ನು ‘ಅಲ್ಲಿ’ ಅನ್ನುತ್ತಿದ್ದರು.

ಈ ಸಲ ಡೋಲ್ಕರ್ ಟೆಂಪೋದಿಂದ ಇಳಿಯುತ್ತಲೇ, “ಇದು ಲಾಸ್ಟ್ ಇಯರ್. ಮುಂದಿನ ದೀಪಾವಳಿಗೆ ನಾ ಅಲ್ಲಿ ಇರ್ತೀನಿ,” ಎಂದಿದ್ದಳು.

ಬ್ರಾಹ್ಮಿ ಒಳ್ಳೆಯದಾಯಿತು ಎಂದಳು. ಬಾಯಿ ಎಂದಿತು ಅಷ್ಟೇ. ಹತ್ತು ತಿಂಗಳು ಕಾದು ಎರಡು ತಿಂಗಳು ಸಿಗುವ ಗೆಳತಿ ಅವಳು. ಅದೂ ಇಲ್ಲವೆಂದರೆ?

ಕಾಲಿನ ಅಳತೆ ತೆಗೆದ ಮರುದಿನ ಬೆಳಿಗ್ಗೆ ಅಜ್ಜಿಯ ಜೊತೆ ಬಸದಿಗೆ ಹೋದಾಗ ಬ್ರಾಹ್ಮಿಗೆ ಒಂದು ಉಪಾಯ ಹೊಳೆಯಿತು. ಬಸದಿಯಲ್ಲಿ ದೊಡ್ಡವರು ನೇಮ ಹಿಡಿಯುವುದನ್ನು ಅವಳು ನೋಡಿದ್ದಳು. ಒಬ್ಬರು ತಿಂಗಳು ಮೊಸರು ಬಿಡುತ್ತಿದ್ದರು, ಇನ್ನೊಬ್ಬರು ತುಪ್ಪ. ಬ್ರಾಹ್ಮಿಗೆ ಪ್ರಾಣವೆಂದರೆ ಸಿಹಿ. ಅವಳು ಕೈ ಮುಗಿದು, ಸಿಹಿ ಬಿಟ್ಟೀನಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಉಳಿದದ್ದನ್ನು ಮನಸ್ಸಿನೊಳಗೇ ಹೇಳಿಕೊಂಡಳು. ಡೋಲ್ಕರಳ ಕಾಗದ ಬರಬಾರದು. ಆಕೆ ಹೋಗುವುದು ನಿಲ್ಲುವ ತನಕ ಸಿಹಿ ಮುಟ್ಟುವುದಿಲ್ಲ.

ಓಣಿಯ ತುಂಬ ಸುದ್ದಿಯೇ ಸುದ್ದಿ. ಇಷ್ಟು ಸಣ್ಣ ಹುಡುಗಿ, ಎಂಥ ನೇಮ! ಅಜ್ಜಿಗೆ ಹೆಮ್ಮೆಯಿಂದ ನೆಲ ಕಾಣದಾಯಿತು. ಕ್ಲಾಸಿನ ಹುಡುಗ ಸಮ್ಮೇದನ ಬರ್ತ್‌ಡೇ ದಿನ ಬ್ರಾಹ್ಮಿ ಚಾಕೊಲೇಟ್ ಬೇಡವೆಂದಳು. ಸಮ್ಮೇದ ಅವಳ ಪಾಲಿನದನ್ನೂ ತಾನೇ ನುಂಗಿ, ನಿನ್ನ ನೇಮ ಚಲೋ ಐತಿ ಎಂದ. ಯಾಕೆ ಬಿಟ್ಟೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಡೋಲ್ಕರ್ ಶಾಲೆಗೆ ಬರಲಿಲ್ಲ. ಮನೆಗೆ ಬಂದ ಬ್ರಾಹ್ಮಿಗೆ ಅವ್ವ ಎಲ್ಲ ಹೇಳಿದಳು. ಅಲ್ಲಿಯ ಸರಕಾರ ಹೊಸ ಕಾಯ್ದೆ ಮಾಡಿದೆಯಂತೆ. ಆಶ್ರಯ ಕೇಳಿ ಬರುವವರು ಬಹಳವಾದರಂತೆ. ಡೋಲ್ಕರಳ ಅಮ್ಮನಿಗೆ ಸಿಕ್ಕಂಥ ಕಾಗದ ಇದ್ದವರು ಇನ್ನು ಎರಡು ವರ್ಷ ಮಕ್ಕಳನ್ನು ಕರೆಸಿಕೊಳ್ಳುವ ಹಾಗಿಲ್ಲವಂತೆ. ಡೋಲ್ಕರಳ ಫೈಲ್ ಕಪಾಟು ಸೇರಿತ್ತು.

ನಿಜ ಹೇಳಬೇಕು. ಬ್ರಾಹ್ಮಿಗೆ ಮೊದಲು ಆದದ್ದು ಸಂತೋಷ. ಹಾಗಾದರೆ ಮುಂದಿನ ದೀಪಾವಳಿಗೂ ಬರುತ್ತಾಳೆ ಎಂದು ಎದೆ ಒಮ್ಮೆ ಕುಣಿಯಿತು. ಅವಳು ಚೀಲ ಒಗೆದು ಸ್ವೆಟರ್ ಅಂಗಡಿಗೆ ಓಡಿದಳು.

ಮೋಮೋಲಾ ಗಿರಾಕಿಯೊಬ್ಬನಿಗೆ ಜಾಕೀಟು ತೋರಿಸುತ್ತಿದ್ದರು. ಡೋಲ್ಕರ್ ಸ್ವೆಟರ್ ರಾಶಿಯ ಹಿಂದೆ ಕೂತು ಒಂದು ಉಣ್ಣೆ ಟೋಪಿಯನ್ನು ಮಡಿಸುತ್ತಿದ್ದಳು. ಮಡಿಸಿ ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು. ಕಣ್ಣು ಬಾತುಕೊಂಡಿದ್ದವು.

“ಅಮ್ಮ ಬೂಟ್ ತಂದಿಟ್ಟಾಳ,” ಎಂದಳು, ತಲೆ ಎತ್ತದೆ. “ಬಾಗಲ ಹಂತ್ಯಾಕ ಇಟ್ಟಾಳಂತ. ಕೆಲಸಕ್ಕ ಹೋಗುವಾಗ ನೋಡ್ತಾಳಂತ, ಬಂದ ಮ್ಯಾಲೆ ನೋಡ್ತಾಳಂತ.”

ಬ್ರಾಹ್ಮಿಯ ಸಂತೋಷ ಅಲ್ಲೇ ಸತ್ತಿತು. ಎಲ್ಲೋ ದೂರದ ಬಾಗಿಲ ಬಳಿ ಕೂತ ಆ ಖಾಲಿ ಬೂಟುಗಳು ಅವಳಿಗೆ ಕಂಡಂತಾದವು. ಅವುಗಳ ಅಳತೆಯ ಗೆರೆ ಎಳೆದವಳು ಅವಳು. ಕಾಗದ ಬರಬಾರದು ಎಂದು ಬೇಡಿಕೊಂಡವಳೂ ಅವಳೇ.

ಸಂಕ್ರಾಂತಿಯ ದಿನ ಅಜ್ಜಿ ಅವಳನ್ನು ಕರೆದು ಅಂಗೈಯಲ್ಲಿ ಕುಸುರೆಳ್ಳು ಹಾಕಿದಳು. ಹಬ್ಬದ ದಿನ ನೇಮ ಬಿಡಬಹುದು, ಸಾಕು ಇನ್ನು, ತಿನ್ನು ಎಂದಳು. ಬಿಳಿಯ, ಸಣ್ಣ ಮುಳ್ಳುಮುಳ್ಳಿನ ಸಕ್ಕರೆ ಕಾಳುಗಳು. ಬ್ರಾಹ್ಮಿ ಎರಡು ತಿಂಗಳಿಂದ ಕಾದಿದ್ದಳು. ಅವಳು ಬೇಡಿದ್ದಂತೂ ಆಗಿಯೇ ಹೋಗಿತ್ತು, ತಿನ್ನಲು ಯಾವ ಅಡ್ಡಿಯೂ ಇರಲಿಲ್ಲ. ಕೈ ಬಾಯಿಯ ತನಕ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಅವಳು ಗಳಗಳನೆ ಅತ್ತು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ ಎಲ್ಲವನ್ನೂ ಒದರಿಬಿಟ್ಟಳು.

ಅಜ್ಜಿ ಅವಳ ಅಂಗೈಯ ಕುಸುರೆಳ್ಳನ್ನು ತಿರುಗಿ ಡಬ್ಬಿಗೆ ಹಾಕಿದಳು. ಓಣಿಯ ತುಂಬ ಹೊಗಳಿಕೊಂಡು ಬಂದದ್ದು ನೆನಪಾಗಿರಬೇಕು.

“ಜಿನೇಂದ್ರ ಯಾರಿಗೂ ಏನೂ ಕೊಡಾಂವಲ್ಲ, ಯಾರದೂ ಕಸಗೊಳ್ಳಾಂವಲ್ಲ,” ಎಂದಳು ಕೊನೆಗೆ. “ಆ ಕಾಯ್ದೆ ಅಲ್ಲಿ ಮಂದಿ ಕೂತು ಮಾಡಿದ್ದು. ನೀ ಸಿಹಿ ಬಿಟ್ರ ಅವರಿಗೇನು ಗೊತ್ತು?”

“ಹಂಗಾರ ನಂದೇನೂ ತಪ್ಪಿಲ್ಲ?”

“ಕಾಯ್ದೆ ನಿಂದಲ್ಲ. ಬಯಸಿದ್ದು ನಿಂದ.”

ಬ್ರಾಹ್ಮಿ ಕಣ್ಣೊರೆಸಿಕೊಂಡು ಖೋಲಿಯ ಮೆಟ್ಟಿಲಿಗೆ ಹೋದಳು. ಡೋಲ್ಕರ್ ಅಲ್ಲೇ ಕೂತಿದ್ದಳು. ಹೇಳುವಾಗ ಅವಳ ಮುಖ ನೋಡಲು ಧೈರ್ಯ ಸಾಲದೆ, ಬ್ರಾಹ್ಮಿ ಅವಳ ಚಪ್ಪಲಿಯನ್ನೇ ನೋಡುತ್ತ ಹೇಳಿದಳು. ಡೋಲ್ಕರ್ ಬೈಯಲಿಲ್ಲ. ಎದ್ದು ಒಳಗೆ ಹೋಗಿ ಮೆಲ್ಲಗೆ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಬ್ರಾಹ್ಮಿಗೆ.

ಮರುದಿನವೂ ಮಾತಿಲ್ಲ. ಖೋಲಿಯೊಳಗೆ ಉಳಿದ ಸ್ವೆಟರ್‌ಗಳ ಗಂಟು ಕಟ್ಟುವ ಸಪ್ಪಳ ಮಾತ್ರ ಕೇಳುತ್ತಿತ್ತು. ಬ್ರಾಹ್ಮಿ ಬಾಗಿಲ ಮುಂದೆ ಸುಮ್ಮಸುಮ್ಮನೆ ಏಳೆಂಟು ಸಲ ಓಡಾಡಿದಳು. ಗೆಳತಿ ಇಲ್ಲೇ, ಗೋಡೆಯಾಚೆಗೇ ಇದ್ದಳು. ಇಷ್ಟು ದೂರ ಆಕೆ ಯಾವತ್ತೂ ಹೋಗಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಟೆಂಪೋ ಬರುವುದಿತ್ತು. ಒಂಬತ್ತಕ್ಕೆ ಡೋಲ್ಕರ್ ಪೇಪರ್, ಪೆನ್ಸಿಲ್ ಹಿಡಿದು ಬ್ರಾಹ್ಮಿಯ ಮುಂದೆ ಬಂದು ನಿಂತಳು.

“ನನ್ನ ಸಿಟ್ಟು ಹೋಗಿಲ್ಲ,” ಎಂದಳು. “ಆದ್ರ ನಿನ್ನಂಗ ಚಂದ ಗೆರಿ ಯಾರಿಗೂ ಬರಾಂಗಿಲ್ಲ. ಕಾಲಿನ ಅಳತಿ ತಗದ ಕೊಡು.”

“ಮತ್ತ ಯಾಕ?”

“ಅಂಗಡ್ಯಾಂವ ಬೂಟ್ ಬದಲ್ ಮಾಡಿ ಕೊಡ್ತಾನಂತ. ಅಮ್ಮಗ ದೊಡ್ಡವು ಬೇಕಂತ. ಎರಡು ವರ್ಷ ಆದ ಮ್ಯಾಲಿನ ಕಾಲು.”

ಇನ್ನೂ ಬೆಳೆಯದ ಕಾಲಿಗೆ ಗೆರೆ ಎಳೆಯುವುದು ಹೇಗೆ? ಬ್ರಾಹ್ಮಿ ಪೇಪರ್ ಹಾಸಿದಳು. ಡೋಲ್ಕರ್ ಬಲಗಾಲು ಇಟ್ಟಳು. ಈ ಸಲ ಇಬ್ಬರೂ ನಗಲಿಲ್ಲ, ಕಾಲೂ ಅಲುಗಲಿಲ್ಲ. ಮೊದಲು ಪಾದ ಇದ್ದ ಹಾಗೆಯೇ ಒಂದು ಗೆರೆ ಬಂತು. ಆಮೇಲೆ ಬ್ರಾಹ್ಮಿ ಡೋಲ್ಕರಳ ಹೆಬ್ಬೆರಳಿನ ಮುಂದೆ ತನ್ನ ಎಡಗೈಯ ಬೆರಳನ್ನು ಅಡ್ಡಲಾಗಿ ಇಟ್ಟಳು. ಇದು ಒಂದು ವರ್ಷ. ಅದಕ್ಕೆ ತಾಗಿಸಿ ಇನ್ನೊಂದು ಬೆರಳು. ಅದು ಎರಡು.

ಎರಡು ಬೆರಳು ಅಂದರೆ ಎರಡು ದೀಪಾವಳಿ. ಎರಡು ಸಲ ಡೋಲ್ಕರ್ ಟೆಂಪೋದಿಂದ ಇಳಿಯುತ್ತಾಳೆ. ಬ್ರಾಹ್ಮಿಯ ಮೂರನೆಯ ಬೆರಳು ತಾನಾಗಿಯೇ ಚಾಚಿಕೊಂಡು, ಆ ಎರಡರ ಪಕ್ಕ ಪೇಪರಿನ ಮೇಲೆ ನಿಂತಿತು. ಮೂರಾದರೆ ಇನ್ನೊಂದು ಸಲ.

ಡೋಲ್ಕರ್ ಆ ಬೆರಳನ್ನು ನೋಡಿದಳು.

ದೂರದ ಬಾಗಿಲ ಬಳಿ ಆ ಅಮ್ಮ ಎಷ್ಟು ದಿನ ಬೂಟು ನೋಡುತ್ತ ಕೂರಬೇಕು? ಬ್ರಾಹ್ಮಿ ಮೂರನೆಯ ಬೆರಳನ್ನು ಮಡಚಿಕೊಂಡಳು.

“ಎರಡ ಸಾಕು,” ಎಂದಳು. ಪೆನ್ಸಿಲ್ಲನ್ನು ಎರಡನೆಯ ಬೆರಳಿಗೆ ಒತ್ತಿ ಹಿಡಿದು, ಒಂದು ಕೂದಲೆಳೆಯಷ್ಟೂ ಆಚೆ ಹೋಗದಂತೆ ಹೊರಗಿನ ಗೆರೆ ಎಳೆಯತೊಡಗಿದಳು.