ದೊಡ್ಡ ಪರದೆ, ಕರೆಯದ ಹಬ್ಬ

"ಇದನ್ನ ನಾನು ನಿಮಗೆ ಮಾರಲ್ಲ."

ನೆವೆನಾ ತಲೆ ಎತ್ತಿದಳು. ಕೌಂಟರಿನ ಆಚೆ ನಿಂತಿದ್ದವನು ಅವಳ ಕೈಯಲ್ಲಿದ್ದ ಬೆಳ್ಳಿ ಬಣ್ಣದ ತೆಳ್ಳಗಿನ ಲ್ಯಾಪ್‌ಟಾಪನ್ನು ಮೆಲ್ಲಗೆ ತೆಗೆದುಕೊಂಡು ಮತ್ತೆ ಶೆಲ್ಫಿನ ಮೇಲಿಟ್ಟುಬಿಟ್ಟ.

"ಯಾಕೆ? ಇದು ಅಂಗಡಿ ತಾನೆ?"

"ಅಂಗಡಿನೇ."

"ನಾನು ದುಡ್ಡು ಕೊಡ್ತೀನಿ ತಾನೆ?"

"ಕೊಡ್ತೀರಿ. ಆಮೇಲೆ ದಿನಾ ನನ್ನ ಬೈಕೋತೀರಿ."

ನೆವೆನಾಳ ಕಿವಿ ಬಿಸಿಯಾಯಿತು. ತನ್ನ ಹಳೇ ಕೋಟು ನೋಡಿ ಹೀಗಂದನಾ? ಇವಳಿಗೆಲ್ಲಿ ಇದನ್ನು ಕೊಳ್ಳೋ ಯೋಗ್ಯತೆ ಅಂತಾನಾ? ಡ್ಯಾನ್ಯೂಬ್ ನದಿ ದಡದ ಈ ರುಸೆ ಪಟ್ಟಣದಲ್ಲಿ ಬಳಸಿದ ಲ್ಯಾಪ್‌ಟಾಪು ಮಾರುವ ಅಂಗಡಿ ಇದೊಂದೇ ಅಲ್ಲ. ಹೊರಟುಬಿಡಲಾ ಎಂದುಕೊಂಡಳು.

"ನೀವು ಮಾಡೋದು ಲೆಕ್ಕಪತ್ರದ ಕೆಲಸ ಅಲ್ವಾ?" ಎಂದ ಅವನು.

"ಯಾರು ಹೇಳಿದ್ರು?"

"ನಿಮ್ಮ ಬಲಗೈ. ಆಗಲಿಂದ ಕೌಂಟರ್ ಮೇಲೆ ಅಂಕಿ ಒತ್ತುತ್ತಾ ಇದೆ. ಈಗ ನೀವೇ ಹೇಳಿ, ಆ ಲ್ಯಾಪ್‌ಟಾಪಲ್ಲಿ ಅಂಕಿಗಳ ಕೀಲಿ ಬೇರೆಯಾಗಿ ಎಲ್ಲಿದೆ?"

ಅವಳು ನೋಡಿದಳು. ಇರಲಿಲ್ಲ.

"ಪರದೆ ಹದಿಮೂರು ಇಂಚು. ಬೆಲೆ ಚೀಟಿನೇ ಮೂಗಿನ ಹತ್ರ ಹಿಡಿದು ಓದಿದ್ರಿ ನೀವು."

"ನನ್ನ ಕಣ್ಣಿನ ಉಸಾಬರಿ ನಿಮಗ್ಯಾಕೆ?"

ಹಾಗಂದವಳ ದನಿ ಕೊನೆಯಲ್ಲಿ ಒಡೆಯಿತು. ಅವಳಿಗೇ ಸಿಟ್ಟು ಬಂತು, ತನ್ನ ಮೇಲೆ. ಅಪರಿಚಿತನ ಮುಂದೆ ಇದೇನು...

ಆದರೆ ಅವನು ನಗಲಿಲ್ಲ. ಒಂದು ಸ್ಟೂಲು ಎಳೆದು ಅವಳ ಕಡೆ ತಳ್ಳಿದ. "ಕೂತ್ಕೊಳ್ಳಿ. ನನ್ನ ಹೆಸರು ಬೋಯಾನ್. ನಿಧಾನಕ್ಕೆ ಹೇಳಿ."

ಹೇಳಿದಳು. ಚಳಿಗಾಲದಲ್ಲಿ ಅಮ್ಮ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡದ್ದು. ಆಫೀಸಿನ ಪಾವ್ಲೋವಾ ಮೇಡಂ ಕನಿಕರದಿಂದ ಮನೆಯಲ್ಲೇ ಕೂತು ಕೆಲಸ ಮಾಡು ಅಂದದ್ದು. ಮನೆಯ ಹಳೇ ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ಕಣ್ಣು ಕಿವುಚಿಕೊಂಡು ಒಂದು ಬೇಕರಿಯ ಮೊತ್ತವನ್ನು ಕೆಳಗಿನ ಸಾಲಿಗೆ ಬರೆದುಬಿಟ್ಟದ್ದು. "ಇನ್ನೊಂದ್ಸಲ ಹೀಗಾದ್ರೆ ಆಫೀಸಿಗೇ ಬಾ, ಇಲ್ಲ ಬೇರೆ ಕೆಲಸ ನೋಡ್ಕೋ" ಎಂದು ಮೇಡಂ ಹೇಳಿದ್ದು. ಆಫೀಸಿಗೆ ಹೋದರೆ ಅಮ್ಮನನ್ನು ನೋಡಿಕೊಳ್ಳುವವರು ಯಾರು?

"ನಾನೂರು ಯೂರೋ ಇದೆ. ಅದರ ಮೇಲೆ ಕಾಸಿಲ್ಲ."

ಬೋಯಾನ್ ಒಳಗೆ ಹೋಗಿ, ಎರಡು ಕೈಯಲ್ಲಿ ಒಂದು ಕಪ್ಪು ಲ್ಯಾಪ್‌ಟಾಪ್ ಹೊತ್ತು ತಂದ.

"ಇದೇನು, ಸೂಟ್‌ಕೇಸಾ?"

"ಹದಿನೇಳು ಇಂಚು. ಜರ್ಮನಿಯಲ್ಲಿ ಯಾವುದೋ ಆಫೀಸಲ್ಲಿ ದುಡಿದು ಬಂದಿದೆ. ಭಾರ ಇದೆ ನಿಜ. ಮನೆಯಲ್ಲಿ ಕೂತು ಕೆಲಸ ಮಾಡೋರು ಇದನ್ನ ಹೊತ್ಕೊಂಡು ಎಲ್ಲಿಗೆ ಹೋಗ್ತೀರಿ?"

"ಚಂದ ಇಲ್ಲ."

"ಇಲ್ಲ. ಬ್ಯಾಟರಿನೂ ಮುದಿಯಾಗಿದೆ, ವೈರು ಚುಚ್ಚಿಯೇ ಇರಬೇಕು. ಮೊದಲೇ ಹೇಳ್ಬಿಡ್ತೀನಿ. ಆಟಗೀಟ ಓಡಲ್ಲ."

"ನನಗೆ ಆಟ ಆಡೋ ಪುರುಸೊತ್ತಿದ್ಯಾ?"

"ಅದಕ್ಕೇ. ಮೆಮೊರಿ ಜಾಸ್ತಿ ಹಾಕಿದ್ದೀನಿ, ಅದು ನಿಮಗೆ ಬೇಕು. ಪರದೆಗೆ ಹೊಳಪಿಲ್ಲ. ಕಿಟಕಿ ಬೆಳಕು ಬಿದ್ರೂ ನಿಮ್ಮ ಮುಖ ಕಾಣಲ್ಲ, ಲೆಕ್ಕ ಕಾಣುತ್ತೆ."

ಎಡಗಡೆ ಒಂದು ಬಿಲ್ಲು, ಬಲಗಡೆ ಲೆಕ್ಕದ ಹಾಳೆ, ಎರಡನ್ನೂ ಒಟ್ಟಿಗೆ ತೆರೆದಿಟ್ಟ. ಅಂಕಿಗಳು ದೊಡ್ಡದಾಗಿ, ಒಂದರಿಂದ ಒಂದು ದೂರ ನಿಂತಿದ್ದವು. ನೆವೆನಾಳ ಕಣ್ಣಿನ ಹಿಂದೆ ತಿಂಗಳುಗಳಿಂದ ಬಿಗಿದುಕೊಂಡಿದ್ದ ಏನೋ ಒಂದು ತಾನಾಗಿ ಸಡಿಲವಾಯಿತು. ಬೆರಳುಗಳು ಅಂಕಿಗಳ ಕೀಲಿಯ ಮೇಲೆ ಹೋಗಿ ಕೂತವು.

"ಹೆಂಗಿದೆ?" ಎಂದ.

"ಚಂದ ಇಲ್ಲ ಅಂದಿದ್ದು ವಾಪಸ್ ತಗೊಂಡೆ" ಎಂದಳು.

ಆಗ ಅವನು ನಕ್ಕ. ಅಯ್ಯೋ, ಈ ನಗು... ಇದು ಬೆಲೆಯೊಳಗೆ ಸೇರಿಲ್ಲವಲ್ಲ ಎಂದುಕೊಂಡಳು ನೆವೆನಾ.

ಬೆಲೆ ನಾನೂರರೊಳಗೇ ಇತ್ತು, ಕೊಂಡಳು. ಆದರೆ ಕೀಲಿಗಳ ಮೇಲೆ ಜರ್ಮನ್ ಅಕ್ಷರ ಇತ್ತು. ಅವುಗಳ ಮೇಲೆ ಇಲ್ಲಿನ ಭಾಷೆಯ ಅಕ್ಷರದ ಚೀಟಿ ಹಚ್ಚಿ ಮನೆಗೇ ತಂದುಕೊಡುತ್ತೇನೆ ಎಂದ. ತಂದ. ಟೇಬಲ್ಲನ್ನು ಕಿಟಕಿಯಿಂದ ಸ್ವಲ್ಪ ತಿರುಗಿಸಿದ. ಆಮೇಲೆ ನೆಲಕ್ಕೆ ಮಂಡಿಯೂರಿ, ವೈರನ್ನು ಗೋಡೆಯ ಅಂಚಿಗೇ ಅಂಟಿಸುತ್ತಾ ಕೋಣೆಯ ಸುತ್ತ ಸಾಗಿದ.

"ಅಷ್ಟೆಲ್ಲಾ ಯಾಕೆ?" ಎಂದಳು ನೆವೆನಾ.

"ಅಮ್ಮನ ಊರುಗೋಲು ಸಿಕ್ಕಿಹಾಕ್ಕೊಂಡ್ರೆ?"

ಅವಳು ಅಡುಗೆಮನೆಗೆ ಹೋಗಿ, ಅಗತ್ಯವೇ ಇಲ್ಲದಿದ್ದರೂ ನಲ್ಲಿ ತಿರುಗಿಸಿ ನಿಂತಳು.

"ಹುರುಳಿಕಾಯಿ ಬೀಜದ ಸಾರಿದೆ, ಉಂಡ್ಕೊಂಡು ಹೋಗಪ್ಪ" ಎಂದು ಅಮ್ಮ ಮಂಚದಿಂದಲೇ ಕೂಗಿದಳು. "ನನ್ನ ಮಗಳು ಉಪ್ಪು ಜಾಸ್ತಿ ಹಾಕ್ತಾಳೆ, ಮೊದಲೇ ಹೇಳ್ಬಿಡ್ತೀನಿ."

"ನಮ್ಮ ಅಂಗಡಿ ಪದ್ಧತಿನೂ ಅದೇ ಅಮ್ಮ. ದೋಷ ಮೊದಲೇ ಹೇಳೋದು."

ಅವನು ಎರಡು ಸಲ ಹಾಕಿಸಿಕೊಂಡು ಉಂಡ.

ಆಮೇಲೆ ನೆವೆನಾಗೆ ಅಂಗಡಿಗೆ ಹೋಗಲು ಕಾರಣಗಳು ಸಿಗುತ್ತಲೇ ಇದ್ದವು. ಒಂದು ದಿನ ಮೌಸು. ಒಂದು ದಿನ ಪರದೆ ಒರೆಸುವ ಬಟ್ಟೆ. ಪಕ್ಕದಲ್ಲಿ ಗಡಿಯಾರ ರಿಪೇರಿ ಮಾಡುವ ಗೆಂಚೋ ಮಾವ ಅವಳನ್ನು ಕಂಡಾಗಲೆಲ್ಲ, "ಏನಮ್ಮಾ, ಇವತ್ತು ಯಾವ ಭಾಗ ಕೆಟ್ಟಿದೆ?" ಎನ್ನುತ್ತಿದ್ದ. ಲೆಕ್ಕದಲ್ಲಿ ಒಂದೂ ತಪ್ಪು ಬರಲಿಲ್ಲ. ಪಾವ್ಲೋವಾ ಮೇಡಂ ಫೋನಿನಲ್ಲಿ ಮೊದಲ ಸಲ "ಭೇಷ್" ಎಂದರು.

ಎಲ್ಲ ಸರಿಹೋಗುತ್ತಿದೆ ಅನ್ನುವಾಗಲೇ ಮಾರ್ಚ್ ಕೊನೆಯ ಶನಿವಾರ ಬಂತು.

ಅವತ್ತು ಯಾವ ನೆಪವೂ ಇಲ್ಲದೆ, ಸುಮ್ಮನೆ ಅವನನ್ನು ನೋಡಬೇಕೆಂದೇ ಹೊರಟಿದ್ದಳು. ಅಂಗಡಿಯ ಬಾಗಿಲಲ್ಲೇ ಕಾಲು ನಿಂತುಹೋಯಿತು.

ಬೋಯಾನ್ ಹೊಸ ಬಿಳಿ ಅಂಗಿ ತೊಟ್ಟಿದ್ದ. ಕೌಂಟರಿನ ಮೇಲೆ ಹೂಗುಚ್ಛ. ಚೆಂದದ ಹೆಂಗಸೊಬ್ಬಳು ಅವನ ಕಾಲರ್ ಸರಿಮಾಡಿ, ಎರಡೂ ಕೆನ್ನೆಗೆ ಮುತ್ತಿಟ್ಟು ಹೇಳುತ್ತಿದ್ದಳು: "ಬೇಗ ಅಂಗಡಿ ಮುಚ್ಚಿ ಮನೆಗೆ ಬಾ. ಅಡುಗೆ ಎಲ್ಲಾ ನಾನೇ ನೋಡ್ಕೋತೀನಿ." ಗೆಂಚೋ ಮಾವ ಬಾಯಿ ತುಂಬ ಚಾಕಲೇಟ್ ಮೆಲ್ಲುತ್ತಿದ್ದ.

ಬಾಳಲ್ಲಿ ಶುಭ ನಡೆದವರು ಡಬ್ಬಿ ಹಿಡಿದು ಎದುರಾದವರಿಗೆಲ್ಲ ಸಿಹಿ ಹಂಚುವುದು ಈ ಊರಿನ ವಾಡಿಕೆ. ಹೊಸ ಅಂಗಿ, ಹೂವು, ಮುತ್ತಿಡುವ ಹೆಂಗಸು... ಮದುವೆ ನಿಶ್ಚಯ. ಇನ್ನೇನಿರುತ್ತೆ?

"ನೆವೆನಾ!" ಬೋಯಾನ್ ಡಬ್ಬಿ ಮುಂದೆ ಹಿಡಿದ. ಅವಳು ಏನೋ ಹೇಳಲಿ ಎಂದು ಕಾಯುವಂತೆ ಮುಖವನ್ನೇ ನೋಡುತ್ತಿದ್ದ.

ಯಾಕೆ ಹಂಚುತ್ತಿದ್ದೀರಿ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನ ಬಾಯಿಂದಲೇ ಆ ಮಾತು ಕೇಳಿಸಿಕೊಳ್ಳಬೇಕಾ? ಒಂದು ಚಾಕಲೇಟ್ ತೆಗೆದುಕೊಂಡು, "ಒಳ್ಳೇದಾಗ್ಲಿ" ಎಂದಷ್ಟೇ ಹೇಳಿದಳು.

"ಥ್ಯಾಂಕ್ಸ್. ಸಂಜೆ... ನಾನು ಮನೆಯಲ್ಲೇ ಇರ್ತೀನಿ."

ಇರಲೇಬೇಕಲ್ಲ, ಅಡುಗೆ ಮಾಡಿ ಕಾಯುವವಳು ಸಿಕ್ಕಳಲ್ಲ. ನೆವೆನಾ ತಿರುಗಿ ನಡೆದುಬಿಟ್ಟಳು. ಚಾಕಲೇಟ್ ಅಂಗೈಯಲ್ಲೇ ಕರಗಿತು.

ಆ ಸಂಜೆ ಲ್ಯಾಪ್‌ಟಾಪ್ ತೆರೆದರೆ ಪ್ರತಿ ಅಕ್ಷರವೂ ಅವನು ಹಚ್ಚಿದ್ದೇ. ಗೋಡೆಯುದ್ದಕ್ಕೂ ವೈರು, ಅದೂ ಅವನು ಅಂಟಿಸಿದ್ದೇ. ಇದರ ಮುಂದೆ ಕೂತು ದಿನಾ ಹೇಗೆ ಕೆಲಸ ಮಾಡಲಿ? ಸೋಮವಾರದ ಹೊತ್ತಿಗೆ ಅವಳು ತೀರ್ಮಾನ ಮಾಡಿದ್ದಳು. ವಾಪಸ್ ಕೊಡುವ ಅವಧಿ ಇನ್ನೂ ಮುಗಿದಿರಲಿಲ್ಲ.

"ಹುಚ್ಚು ಹಿಡಿದಿದ್ಯೇನೇ?" ಎಂದಳು ಅಮ್ಮ. "ಆ ಪುಟ್ಟದರಲ್ಲಿ ಮತ್ತೆ ತಪ್ಪು ಮಾಡಿದ್ರೆ ಕೆಲಸ ಹೋಗುತ್ತೆ."

"ಹೋಗ್ಲಿ ಬಿಡಮ್ಮ."

ಅಂಗಡಿಯಲ್ಲಿ ಬೋಯಾನ್ ಒಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ. ಆದರೆ ಆ ನಗು ಬರಲಿಲ್ಲ.

"ಇದನ್ನ ವಾಪಸ್ ತಗೊಳ್ಳಿ."

"ಏನಾಯ್ತು ಇದಕ್ಕೆ?"

"ಏನೂ ಆಗಿಲ್ಲ."

"ಪರದೆ ಮಿನುಗುತ್ತಾ? ಬಿಸಿಯಾಗುತ್ತಾ?"

"ಇಲ್ಲ ಅಂದ್ನಲ್ಲ."

ಅವನು ಲ್ಯಾಪ್‌ಟಾಪನ್ನು ತೆರೆಯಲಿಲ್ಲ. ಅದರ ಮೇಲೆ ಕೈಯಿಟ್ಟ. "ಅಂದ್ರೆ ನನ್ನಿಂದ ಬಂದಿದ್ದು ಏನೂ ಮನೆಯಲ್ಲಿ ಇರಬಾರ್ದು. ಅರ್ಥ ಆಯ್ತು. ನೀವು ಶನಿವಾರ ಬರದೇ ಇದ್ದಾಗಲೇ ಅರ್ಥ ಮಾಡ್ಕೋಬೇಕಿತ್ತು."

"ಶನಿವಾರ? ಎಲ್ಲಿಗೆ ಬರಬೇಕಿತ್ತು?"

"ನಮ್ಮನೆಗೆ."

"ಯಾಕೆ ಬರ್ಲಿ? ಕರೆದ್ರಾ ನನ್ನ?"

"ಹೆಸರಿನ ಹಬ್ಬಕ್ಕೆ ಯಾರಾದ್ರೂ ಕರೀತಾರಾ?" ಎಂದ ಬೋಯಾನ್, ಈಗ ಅವನ ದನಿಯಲ್ಲೂ ನೋವಿತ್ತು. "ಬಾಗಿಲು ತೆಗೆದಿಡೋದು. ಬೇಕಾದವರು ಬರ್ತಾರೆ. ಮನೆಯಲ್ಲೇ ಇರ್ತೀನಿ ಅಂತ ಹೇಳಿದ್ನಲ್ಲ, ಇನ್ನೇನು ಹೇಳ್ಲಿ?"

ಹೆಸರಿನ ಹಬ್ಬವಾ?

ಒಬ್ಬೊಬ್ಬ ಸಂತನ ದಿನದಂದು ಆ ಹೆಸರಿನವರಿಗೆಲ್ಲ ಹಬ್ಬ, ಆಹ್ವಾನ ಕೊಡುವ ಪದ್ಧತಿ ಇಲ್ಲ. ಇದನ್ನು ರುಸೆಯಲ್ಲಿ ಹುಟ್ಟಿದವಳಿಗೆ ಹೇಳಿಕೊಡಬೇಕೆ? ಇವಾನ್‌ಗಳ ದಿನ, ನಿಕೋಲಾಗಳ ದಿನ ಅವಳಿಗೂ ಬಾಯಿಪಾಠ. ಆದರೆ...

"ಬೋಯಾನ್ ಅನ್ನೋ ಹೆಸರಿಗೂ ಸಂತ ಇದ್ದಾನಾ?" ಎಂದಳು ಮೆಲ್ಲಗೆ.

ಅವನು ಅವಳನ್ನೇ ನೋಡಿದ. "ಇದ್ದಾನೆ. ಪಾಪ, ಯಾರೂ ಅವನನ್ನ ಕೇರ್ ಮಾಡಲ್ಲ. ಮತ್ತೆ... ಚಾಕಲೇಟ್ ಯಾತಕ್ಕೆ ಅಂದ್ಕೊಂಡ್ರಿ?"

"ನಿಶ್ಚಿತಾರ್ಥಕ್ಕೆ."

"ಯಾರದ್ದು?"

"ನಿಮ್ಮದು. ಕಾಲರ್ ಸರಿಮಾಡ್ತಿದ್ರಲ್ಲ, ಅವರ ಜೊತೆ."

"ಅವಳು ನಮ್ಮಕ್ಕ, ನೆವೆನಾ. ಅಡುಗೆ ಮಾಡೋಕೆ ಅಂತ ವಾರ್ನಾದಿಂದ ಬಸ್ಸಲ್ಲಿ ಬಂದಿದ್ಲು. ಅವಳಿಗೆ ಇಬ್ಬರು ಮಕ್ಕಳಿದ್ದಾರೆ."

ನೆವೆನಾ ಸ್ಟೂಲಿನ ಮೇಲೆ ಕುಸಿದು ಕೂತಳು. ಎದೆಯ ಮೇಲಿದ್ದ ಚಪ್ಪಡಿಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಿತ್ತು. ನಗು ಬಂತು, ಅದರ ಹಿಂದೆಯೇ ಅಳು. ಯಾವುದನ್ನು ತಡೆಯಬೇಕೋ ಗೊತ್ತಾಗದೆ ಎರಡನ್ನೂ ಬಿಟ್ಟುಬಿಟ್ಟಳು.

"ಯಾಕೆ ಅಳ್ತಿದ್ದೀರಿ ಈಗ?"

"ನಿಮಗೆ ನಿಶ್ಚಯ ಆಗಿಲ್ಲ ಅಂತ."

ಬೋಯಾನ್ ಕೌಂಟರ್ ದಾಟಿ ಈಚೆ ಬಂದು, ಅವಳ ಮುಂದೆ ಕೂತ.

"ನನ್ನ ಪಕ್ಕದ ಕುರ್ಚಿಯಲ್ಲಿ ಕೂರೋಕೆ ಗೆಂಚೋ ಮಾವ ಬಂದ. ಯಾರೋ ಬರೋರಿದ್ದಾರೆ ಅಂದೆ. ಆಮೇಲೆ ಮತ್ತೆ ಬಂದ, ಮತ್ತೆ ಹಾಗೇ ಅಂದೆ. ಎಲ್ಲರೂ ಉಂಡು ಎದ್ರು. ಕೊನೆಗೆ ನನಗೇ ನಾಚಿಕೆಯಾಗಿ, ಕೂತ್ಕೋ ಮಾವ, ಯಾರೂ ಬರಲ್ಲ ಅಂದೆ." ಅವನು ಉಸಿರೆಳೆದುಕೊಂಡ. "ನಿನ್ನ ಬಿಟ್ಟು ಇನ್ಯಾರಿಗೂ ನಾನು ಕಾದಿರ್ಲಿಲ್ಲ. ನೀನಂದ್ರೆ ನನಗೆ ತುಂಬ ಇಷ್ಟ, ನೆವೆನಾ. ಇದನ್ನ ಮೊದಲೇ ಹೇಳಿದ್ರೆ ಇಷ್ಟೆಲ್ಲಾ ಆಗ್ತಿರ್ಲಿಲ್ಲ."

"ನಾನೂ ಕೇಳಬಹುದಿತ್ತು. ಬಾಯಿ ಇತ್ತು ನನಗೆ." ಅವಳು ಕೆನ್ನೆ ಒರೆಸಿಕೊಂಡಳು. "ಬಟ್ಟೆ, ಮೌಸು, ಯಾವುದೂ ನನಗೆ ಬೇಕಾಗಿರ್ಲಿಲ್ಲ, ಗೊತ್ತಾ?"

"ಗೊತ್ತಿತ್ತು. ಹಾಗಾದ್ರೆ ಲ್ಯಾಪ್‌ಟಾಪ್?"

"ಮುಟ್ಟಬೇಡ ಅದನ್ನ. ನಾಳೆ ಆ ಬೇಕರಿಯ ಲೆಕ್ಕ ಕಳಿಸಬೇಕು."

ನೆವೆನಾ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡಳು, ಬೋಯಾನ್ ಬಾಗಿಲಿಗೆ ಬೀಗ ಹಾಕಿದ. "ಎಲೆಕೋಸಿನ ಸುರುಳಿ ಒಂದು ಪಾತ್ರೆ ಉಳಿದಿದೆ. ಅಮ್ಮ ಒಬ್ರೇ ಇದ್ದಾರಲ್ಲ, ನಿಮ್ಮನೆಗೇ ತರ್ತೀನಿ."

"ಅದರಲ್ಲಿ ಮಾಂಸ ಇದ್ಯಾ? ಅಮ್ಮಂದು ಈಸ್ಟರ್‌ವರೆಗೂ ಉಪವಾಸ, ಮಾಂಸ ಮುಟ್ಟಲ್ಲ."

"ಇಲ್ಲ, ಬರೀ ಅಕ್ಕಿದು. ಅಕ್ಕನೂ ಉಪವಾಸದವಳೇ."

ಇಬ್ಬರೂ ಬೀದಿಗಿಳಿದರು. ಡ್ಯಾನ್ಯೂಬ್ ಕಡೆಯಿಂದ ಗಾಳಿ ಬೀಸುತ್ತಿತ್ತು, ಆದರೆ ಚುಚ್ಚುವಂಥದ್ದಲ್ಲ. ಸ್ವಲ್ಪ ದೂರ ನಡೆದ ಮೇಲೆ ನೆವೆನಾ ಅವನ ಕೈಯೊಳಗೆ ತನ್ನ ಕೈ ಸೇರಿಸಿದಳು.

"ಬೋಯಾನ್..."

"ಹ್ಞೂಂ?"

"ಹೆಸರಿನ ಹಬ್ಬದ ಶುಭಾಶಯ. ತಡವಾಗಿ ಹೇಳ್ತಿದ್ದೀನಿ."

"ತಡ ಆದ್ರೆ ಆಗ್ಲಿ ಬಿಡು," ಎಂದ ಅವನು, ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಬಂದ್ಯಲ್ಲ."